ನೆಲ ಡೊಂಕು

ಇರುವೆ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕೌದಿ ಹೊಲಿಯುವ ಹಜಾರದಲ್ಲಿ ಅವಳ ಜೊತೆ ಕೂರುವ ಇಪ್ಪತ್ತೊಂದು ಹೆಂಗಸರು ಕೊಟ್ಟದ್ದು. ಕೂತರೆ ಅವಳ ಮೊಣಕಾಲು ಅಲುಗುತ್ತಲೇ ಇರಬೇಕು. ನಿಂತರೆ ಹೆಬ್ಬೆರಳು ನೆಲ ಕೆರೆಯಬೇಕು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಬಾಗಿಲ ಕಡೆ ಮೂರು ಸಲ ನೋಡಿರಬೇಕು. "ಬಟ್ಟೆಯೊಳಗೆ ಇರುವೆ ಬಿಟ್ಕೊಂಡು ಬಂದಿದ್ದೀಯೇನೇ?" ಎಂದು ಒಂದು ದಿನ ರೇಡಿಯೋ ಕೇಳಿದಳು. ರೇಡಿಯೋ ಎಂದರೆ ಬಾಯಿಗೆ ಬೀಗವಿಲ್ಲದ ಇನ್ನೊಬ್ಬ ಹೊಲಿಗೆಯವಳು. ಅವಳ ಬಾಯಿಂದ ಹೊರಟ ಮಾತು ಮತ್ತೆ ಒಳಗೆ ಹೋಗುವುದುಂಟೇ? ಹೆಸರು ಅಂಟಿಕೊಂಡಿತು.

ಆ ಸೋಮವಾರ ಇರುವೆಯ ಮೊಣಕಾಲು ಎಂದಿಗಿಂತ ಜೋರಾಗಿ ಅಲುಗುತ್ತಿತ್ತು. ಸ್ಕೇಲು ಬಂದಿದ್ದ.

ಸ್ಕೇಲು ಹಜಾರದ ತಪಾಸಣೆಯವನು. ಅಂಗಿಯ ಜೇಬಿನಲ್ಲಿ ಉಕ್ಕಿನ ಸ್ಕೇಲು, ಕಂಕುಳಲ್ಲಿ ರಿಜಿಸ್ಟರು. ಒಂದು ಹೊಲಿಗೆಗೂ ಮುಂದಿನ ಹೊಲಿಗೆಗೂ ನಡುವೆ ಅಕ್ಕಿಕಾಳಿನಷ್ಟು ಜಾಗ ಇರಬೇಕು. ಕಾಳು ಉದ್ದವಾದರೂ ತಪ್ಪು, ನುಚ್ಚಾದರೂ ತಪ್ಪು. ಪ್ರತಿ ಕೌದಿಯ ಮೂಲೆಯಲ್ಲಿ ಹೊಲಿದವಳ ನಂಬರಿನ ಪಟ್ಟಿ ಇರುತ್ತಿತ್ತು, ಕಳ್ಳರ ಕೊರಳಿಗೆ ಹಲಗೆ ತೂಗುಹಾಕಿದ ಹಾಗೆ. ಒಬ್ಬಳ ನಂಬರಿನ ಕೌದಿ ಮೂರು ಸಲ ತಿರಸ್ಕಾರವಾದರೆ ಅವಳು ಮನೆಗೆ. ಕೌದಿ ಮೂಲೆಯ ರಾಶಿಗೆ. ಅಲ್ಲಿಂದ ನೆಲ ಒರೆಸುವ ಬಟ್ಟೆಯಾಗಿ ಹರಿದು ಹೋಗುವುದು.

ಅವನು ನಿಂತದ್ದು ಕಿಟಕಿಯ ಪಕ್ಕ, ದೊಡ್ಡಮ್ಮನ ಎದುರು.

ದೊಡ್ಡಮ್ಮ ಹಜಾರಕ್ಕೆಲ್ಲ ದೊಡ್ಡಮ್ಮ, ಆದರೆ ಇರುವೆಗೆ ರಕ್ತದ ದೊಡ್ಡಮ್ಮ. ತಾಯಿಯ ಅಕ್ಕ. ತಾಯಿ ತೀರಿಕೊಂಡಾಗ ಮಡಿಲಿಗೆ ಹಾಕಿಕೊಂಡವಳು, ಏಳನೇ ವಯಸ್ಸಿಗೆ ಸೂಜಿ ಹಿಡಿಸಿದವಳು, ಮದುವೆಯಾದ ಮೇಲೆ ಕೈಹಿಡಿದು ಈ ಹಜಾರಕ್ಕೆ ಕರೆತಂದವಳು. ಈಗ ಅವಳ ಕಣ್ಣಿಗೆ ಪೊರೆ ಬಂದಿತ್ತು. ಬಲಗೈ ತಾನಾಗಿ ನಡುಗುತ್ತಿತ್ತು. ಇರುವೆ ಮತ್ತು ಅವಳ ಗಂಡನ ಎರಡು ಕೋಣೆಯ ಮನೆಯಲ್ಲೇ ಅವಳೂ ಇದ್ದಳು. ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ಗೋಡೆ ನೋಡಿಕೊಂಡು ಕೂರುವ ಜೀವ ಅದಲ್ಲ. ಬೆಳಿಗ್ಗೆ ಏಳು ಗಂಟೆಗೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಹೊರಡೇ, ಬಾಗಿಲು ಹಾಕಿಬಿಡ್ತಾರೆ" ಎಂದು ಗದರುವವಳು. ಆ ಜಾಗ ಹೋದರೆ ದೊಡ್ಡಮ್ಮನೂ ಹೋದಂತೆಯೇ ಎಂದು ಇರುವೆಗೆ ಗೊತ್ತಿತ್ತು.

"ಇದು ಆಗಲ್ಲಮ್ಮ," ಎಂದ ಸ್ಕೇಲು. "ಎಂಟನೇ ಸಾಲು ನೋಡಿ, ಹಾವು ಹರಿದ ಹಾಗಿದೆ."

"ಎಲ್ಲಪ್ಪಾ?" ದೊಡ್ಡಮ್ಮ ಸಾಲಿನ ಮೇಲೆ ಬೆರಳಾಡಿಸಿದಳು. "ನೆಟ್ಟಗೇ ಇದೆ. ನೀನು ಹಾಸಿರೋ ಜಾಗ ಸರಿ ಇಲ್ಲ, ಅದಕ್ಕೆ ಹಾಗೆ ಕಾಣ್ತಿದೆ."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ."

ಎರಡು ಮೂರು ಜನ ನಕ್ಕರು. ನಕ್ಕವರೇ ಬಾಯಿ ಮುಚ್ಚಿಕೊಂಡರು. ಸ್ಕೇಲು ರಿಜಿಸ್ಟರು ತೆಗೆದು ಗೀಟು ಎಳೆದ. "ಇದು ಎರಡನೇದು. ಮೂರನೇದಕ್ಕೆ ನಾನು ಮಾತಾಡಲ್ಲ, ಇದೇ ಮಾತಾಡುತ್ತೆ."

ಕೌದಿ ಮೂಲೆಯ ರಾಶಿಗೆ ಹಾರಿತು. ಇರುವೆ ಹಲ್ಲು ಕಚ್ಚಿದಳು. ಸಿಟ್ಟು ಅವನ ಮೇಲೆ ಎಷ್ಟೋ ಅಷ್ಟೇ ತನ್ನ ಮೇಲೂ. ನಾಲ್ಕು ತಿಂಗಳಿಂದ ಅವಳು ಒಂದು ಗುಟ್ಟು ನಡೆಸಿಕೊಂಡು ಬಂದಿದ್ದಳು: ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಹಿಡಿದು ಪಡಸಾಲೆಗೆ ಹೋದಾಗ, ದೊಡ್ಡಮ್ಮ ಕಂಬಕ್ಕೊರಗಿ ಕಣ್ಣು ಮುಚ್ಚಿದಾಗ, ಒಳಗೆ ಬಂದು ಆ ಡೊಂಕು ಸಾಲುಗಳನ್ನು ಬಿಚ್ಚಿ ನೆಟ್ಟಗೆ ಮತ್ತೆ ಹೊಲಿದಿಡುವುದು. ಜ್ವರ ಬಂದು ಮನೆಯಲ್ಲಿ ಮಲಗಿದ್ದ ವಾರ ಮೊದಲನೇ ಗೀಟು ಬಿತ್ತು. ಹೋದ ಶುಕ್ರವಾರ ದೊಡ್ಡಮ್ಮ ಕಣ್ಣು ಮುಚ್ಚಲೇ ಇಲ್ಲ, ಇವತ್ತು ಎರಡನೇದು.

ಅಂದು ಮಧ್ಯಾಹ್ನ ಅವಳು ಊಟವನ್ನೇ ಬಿಟ್ಟಳು. ದೊಡ್ಡಮ್ಮನ ಹೊಸ ಕೌದಿಯನ್ನು ನೆಲಕ್ಕೆ ಹಾಸಿ, ಬಾಗಿ, ಬಿಚ್ಚತೊಡಗಿದಳು. ಬಿಚ್ಚುವ ಕೆಲಸಕ್ಕೆ ಕಣ್ಣು ಬೇಕಿಲ್ಲ, ಕೈ ಸಾಕು. ಕಣ್ಣು ಕೆಳಗೆ ಇಳಿಯಿತು.

ಆ ನೆಲವನ್ನು ಅವಳು ಒಂಬತ್ತು ವರ್ಷದಿಂದ ತುಳಿಯುತ್ತಿದ್ದಳು, ನೋಡಿರಲಿಲ್ಲ. ಕಟ್ಟಡ ಹಿಂದೆ ಆಸ್ಪತ್ರೆಯಾಗಿತ್ತಂತೆ. ಸಿಮೆಂಟಿನ ಹೂವಿನ ಟೈಲ್ಸು. ಒತ್ತಿದವನು, ಕೂರಿಸಿದವನು ಎರಡೂ ದೊಡ್ಡಪ್ಪನೇ, ದೊಡ್ಡಮ್ಮನ ಗಂಡ. ಅವನು ಸತ್ತು ಹನ್ನೆರಡು ವರ್ಷ. ಟೈಲು ಒತ್ತುವುದನ್ನು ಇರುವೆ ಚಿಕ್ಕವಳಿದ್ದಾಗ ನೋಡಿದ್ದಳು. ಕಬ್ಬಿಣದ ಚೌಕಟ್ಟು, ಅದರೊಳಗೆ ಹಿತ್ತಾಳೆ ಪಟ್ಟಿ ಬಗ್ಗಿಸಿ ಮಾಡಿದ ಹೂವಿನ ಅಚ್ಚು. ಅಚ್ಚಿನ ಒಂದೊಂದು ಖಾನೆಗೂ ಒಂದೊಂದು ಬಣ್ಣದ ನೀರುಸಿಮೆಂಟನ್ನು ಚಮಚದಲ್ಲಿ ಹುಯ್ಯಬೇಕು. ಆಮೇಲೆ ಉಸಿರು ಹಿಡಿದು ಅಚ್ಚನ್ನು ಮೇಲೆತ್ತಬೇಕು. ಆ ಎತ್ತುವ ಗಳಿಗೆಯಲ್ಲಿ ಕೆಂಪು ಬಿಳಿಯೊಳಕ್ಕೆ ದಾರದಷ್ಟು ಹರಿಯುತ್ತದೆ, ಹಸಿರು ಕಪ್ಪನ್ನು ಸ್ವಲ್ಪ ಕಚ್ಚುತ್ತದೆ. ಯಾವ ಎರಡು ಟೈಲೂ ಒಂದೇ ಥರ ಹರಿಯುವುದಿಲ್ಲ. ಈಗ ಅದು ಅವಳ ಕಣ್ಣಿಗೆ ಬಿತ್ತು. ಒಂದೇ ಅಚ್ಚು, ಒಂದೇ ಕೈ. ಆದರೂ ಈ ಎಸಳು ಉಬ್ಬಿದೆ, ಆ ಎಸಳು ಬಳಲಿದೆ, ಇನ್ನೊಂದರ ಅಂಚಿನಲ್ಲಿ ಒಂದು ಗುಳ್ಳೆ ಒಡೆದಿದೆ.

ಒಂದು ಟೈಲಿನಲ್ಲಿ ಕಾಲು ಹೂವು. ನಾಲ್ಕು ಟೈಲು ಮೂಲೆಗೆ ಮೂಲೆ ಸೇರಿದರೆ ಒಂದು ಹೂವು. ಹಜಾರದ ತುಂಬ ಹೂವು. ಕಿಟಕಿಯ ಪಕ್ಕದಲ್ಲಿ, ಸರಿಯಾಗಿ ದೊಡ್ಡಮ್ಮ ಕೂರುವ ಜಾಗದಲ್ಲಿ, ಒಂದು ಹೂವಿಗೆ ಮೂರೇ ಎಸಳು. ನಾಲ್ಕನೇ ಟೈಲು ತಿರುಗಿತ್ತು. ಅದರ ಎಸಳು ಗುಂಪಿಗೆ ಬೆನ್ನು ಹಾಕಿ ಕಿಟಕಿಯ ಕಡೆ ಮುಖ ಮಾಡಿತ್ತು.

ಇರುವೆಯ ಕೈ ನಿಂತಿತು. ಅಚ್ಚರಿಯೆಂದರೆ ಮೊಣಕಾಲೂ ನಿಂತಿತು.

ಅವತ್ತಿನಿಂದ ಅವಳಿಗೆ ಹುಚ್ಚು ಹಿಡಿಯಿತು. ಕತ್ತರಿಸಿ ಬಿಸಾಡಿದ ಚೂರುಗಳನ್ನು ಆಯ್ದು ಮನೆಗೆ ತಂದಳು. ಕಾಗದದಲ್ಲಿ ಎಸಳಿನ ಅಳತೆ ಕತ್ತರಿಸಿದಳು. ಎಂಟು ಉದ್ದ, ಎಂಟು ಅಗಲ, ಅರವತ್ತನಾಲ್ಕು ಚೌಕ, ಹದಿನಾರು ಹೂವು. ಎಲ್ಲವನ್ನೂ ನೆಟ್ಟಗೆ ಕೂಡಿಸಿ ನೆಲಕ್ಕೆ ಹಾಸಿದರೆ, ಅದು ಹೆಣದ ಮೇಲೆ ಹೊದಿಸಿದ ಹಾಗೆ ಬಿದ್ದುಕೊಂಡಿತು. ಎರಡು ಸಂಜೆ ಅದರ ಸುತ್ತ ಸುತ್ತಿದಳು. ಮೂರನೇ ಸಂಜೆ ಒಂದು ಚೌಕ ಬಿಚ್ಚಿ ತಿರುಗಿಸಿಟ್ಟಳು. ಬಟ್ಟೆಗೆ ಜೀವ ಬಂತು. ಎಲ್ಲ ಹೂವೂ ಆ ಒಂದರ ಕಡೆ ಕತ್ತು ತಿರುಗಿಸಿದ ಹಾಗೆ.

ಬಸ್ಸಿನ ಎಂಜಿನು ರಿಪೇರಿ ಮಾಡುವ ಗಂಡ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ. "ಇದೊಂದು ಉಲ್ಟಾ ಆಗಿದೆಯಲ್ಲೇ."

"ಗೊತ್ತು."

"ಗೊತ್ತಿದ್ದೂ ಬಿಟ್ಟಿದ್ದೀಯಾ?"

"ಬಂದಾಗಿಂದ ನೀನು ಅದನ್ನೇ ನೋಡ್ತಿದ್ದೀಯ. ಉಳಿದ ಅರವತ್ತಮೂರರಲ್ಲಿ ಒಂದನ್ನಾದ್ರೂ ನೋಡಿದ್ಯಾ?"

ಅವನು ಬಗ್ಗಿ ಉಳಿದವನ್ನೂ ನೋಡಿದ. "ನಾನು ಎಂಜಿನು ಹೀಗೆ ಜೋಡಿಸಿದ್ರೆ ಬಸ್ಸು ಹಿಂದಕ್ಕೆ ಓಡುತ್ತೆ," ಎಂದು ಹೇಳಿ ಕೈ ತೊಳೆಯಲು ಹೋದ.

ಆ ವಾರದ ಕೊನೆಗೆ ಹಜಾರದ ಯಜಮಾನ ಬಂದ. ಜೊತೆಗೆ ದೂರದಿಂದ ಬಂದ ವ್ಯಾಪಾರದಾಕೆ. ಅವಳು ನೆಟ್ಟನೆಯ ಕೌದಿಗಳನ್ನು ಒಂದೊಂದಾಗಿ ಎತ್ತಿ, ಮುಟ್ಟಿ, ಕೆಳಗಿಟ್ಟಳು. ಮುಖದಲ್ಲಿ ಏನೂ ಇಲ್ಲ. ಹೊರಟವಳು ಮೂಲೆಯ ರಾಶಿಯ ಹತ್ತಿರ ನಿಂತಳು. ಕೆಳಗಿನಿಂದ ಒಂದನ್ನು ಎಳೆದಳು. ದೊಡ್ಡಮ್ಮನ ಹಾವು ಹರಿದ ಕೌದಿ. ಅದನ್ನು ಎದೆಗೆ ಒತ್ತಿಕೊಂಡು ಏನೋ ಹೇಳಿದಳು.

"ಇದರಲ್ಲಿ ಕೈ ಕಾಣ್ಸುತ್ತೆ ಅಂತಿದಾರೆ," ಎಂದ ಯಜಮಾನ, ತನಗೆ ಮೊದಲಿನಿಂದಲೂ ಕಾಣುತ್ತಿತ್ತು ಎಂಬ ಧಾಟಿಯಲ್ಲಿ. "ಮಿಷನ್ನಿಗೆ ಹೀಗೆ ಹೊಲಿಯೋಕೆ ಆಗಲ್ಲ ಅಂತಿದಾರೆ. ಇಂಥವೇ ಬೇಕಂತೆ. ತಿಂಗಳ ಕೊನೆಗೆ ಇಪ್ಪತ್ತೆರಡು."

ಹಜಾರ ಎದ್ದು ನಿಂತಿತು. ರೇಡಿಯೋ ದೊಡ್ಡಮ್ಮನ ಗಲ್ಲ ಹಿಡಿದು, "ನಿನ್ನ ಹಾವು ನಿಧಿ ಕಾಯ್ತಿತ್ತು ಕಣೇ ದೊಡ್ಡಮ್ಮ!" ಎಂದಳು. "ಯಾವ ಹಾವು?" ಎಂದಳು ದೊಡ್ಡಮ್ಮ. "ಬದುಕಿದೆಯಾ ಬಡಜೀವವೇ" ಎಂದು ಇರುವೆ ಅಂದುಕೊಂಡಳು. ಇನ್ನು ಬಿಚ್ಚುವುದು ಬೇಡ. ಡೊಂಕಿಗೆ ಬೆಲೆ ಬಂತಲ್ಲ!

ಬಡವಳ ಕೈಯಲ್ಲಿದ್ದಾಗ ತಪ್ಪು, ಉಳ್ಳವರ ಕೈಗೆ ಬಂದರೆ ಸೊಗಸು. ಅದೂ ಇರಲಿ. ತಪ್ಪನ್ನಾದರೂ ನಮಗೆ ಬಿಟ್ಟರೇ? ಸೋಮವಾರ ಸ್ಕೇಲು ಇಪ್ಪತ್ತೆರಡು ಹಾಳೆ ಹಂಚಿದ. ಹಾಳೆಯಲ್ಲಿ ಕೌದಿಯ ಚಿತ್ರ, ಚಿತ್ರದಲ್ಲಿ ಮೂರು ಕೆಂಪು ಗುರುತು. ಎಡ ಮೂಲೆಯಿಂದ ನಾಲ್ಕು ಬೆರಳು ಒಳಗೆ ಒಂದು ಡೊಂಕು ಸಾಲು, ಗೇಣುದ್ದ. ನಡುವೆ ಬೇರೆ ಬಣ್ಣದ ಒಂದು ತೇಪೆ. ಬಲ ಅಂಚಿನಲ್ಲಿ ಕಣ್ಣಿಗೆ ಕಾಣುವ ಒಂದು ಗಂಟು.

"ಕೌದಿಗೆ ಮೂರು ತಪ್ಪು," ಎಂದ. "ಎರಡೂ ಬೇಡ, ನಾಲ್ಕೂ ಬೇಡ. ಜಾಗ ಬಿಟ್ಟು ಜಾಗದಲ್ಲೂ ಬೇಡ."

"ಅಣ್ಣಾ," ಎಂದಳು ರೇಡಿಯೋ, "ತಪ್ಪು ಮಾಡೋವಾಗ ತಪ್ಪಿ ಸರಿಯಾಗಿಬಿಟ್ರೆ?"

"ಅದು ತಪ್ಪು."

"ಅಂದ್ರೆ ಲೆಕ್ಕಕ್ಕೆ ಬರುತ್ತಲ್ಲ!"

ನಗು ಛಾವಣಿಗೆ ಬಡಿಯಿತು. ಆದರೆ ಕೂತ ಮೇಲೆ ನಗು ಇಂಗಿತು. ಕೈಗಳು ಒಪ್ಪಲಿಲ್ಲ. ಇಪ್ಪತ್ತು ವರ್ಷ ಬೈಸಿಕೊಂಡು ನೆಟ್ಟಗಾದ ಕೈಗಳು. ಡೊಂಕು ಹೊಲಿ ಎಂದರೆ ಒಬ್ಬಳ ಸೂಜಿ ಬೆರಳಿಗೆ ಚುಚ್ಚಿತು, ಇನ್ನೊಬ್ಬಳು ಸೀಮೆಸುಣ್ಣದಲ್ಲಿ ಮೊದಲು ಡೊಂಕು ಗೆರೆ ಎಳೆದು ಅದರ ಮೇಲೆ ನೆಟ್ಟಗೆ ಹೊಲಿದಳು. ಸಾಲಿನ ಕೊನೆಯಲ್ಲಿ ಕೂರುವ ಉದ್ದಕ್ಕ, ಎತ್ತರಕ್ಕೆ ತಕ್ಕ ಗಾಂಭೀರ್ಯದವಳು, ಅದೇ ಗೇಣುದ್ದವನ್ನು ಆರು ಸಲ ಬಿಚ್ಚಿ ಕೊನೆಗೆ ಅತ್ತೇಬಿಟ್ಟಳು. "ನಮ್ಮಮ್ಮ ಇದನ್ನ ನೋಡಿದ್ರೆ ಕೈ ಮೇಲೆ ಬರೆ ಹಾಕ್ತಿದ್ಲು." ಸ್ಕೇಲು ಡೊಂಕನ್ನೂ ಸ್ಕೇಲಿಟ್ಟು ಅಳೆದ.

ದೊಡ್ಡಮ್ಮ ಹಾಳೆಯನ್ನು ಮಡಿಚಿ ಕಾಲಿನ ಕೆಳಗೆ ಇಟ್ಟುಕೊಂಡಳು. ಅವಳಿಗೆ ಅದು ಓದಲು ಕಾಣುತ್ತಿರಲಿಲ್ಲ. ತನಗೆ ತಿಳಿದಂತೆ ಹೊಲಿದಳು.

ಎರಡು ವಾರ ಕಳೆದು, ಒಂದು ಮಂಗಳವಾರ ಸಂಜೆ, ಸ್ಕೇಲು ಅರ್ಧ ಮುಗಿದ ಕೌದಿಗಳನ್ನು ನೋಡುತ್ತ ಬಂದ. ದೊಡ್ಡಮ್ಮನದನ್ನು ಎತ್ತಿದವನು ಎಣಿಸತೊಡಗಿದ. ಏಳು, ಎಂಟು... ಹನ್ನೊಂದು. ಹಾಳೆಯ ಜೊತೆ ಹೋಲಿಸಿದ. ಮತ್ತೆ ಎಣಿಸಿದ. ಅವನಿಗೇ ಬೇಸರವಾದಂತಿತ್ತು.

"ಅಮ್ಮಾ, ಇವು ಸರಿಯಾದ ತಪ್ಪುಗಳಲ್ಲ."

"ಏನಂದೆ?"

"ಮೂರು ಇರಬೇಕಿತ್ತು, ಹನ್ನೊಂದಿದೆ. ಇರಬೇಕಾದ ಜಾಗದಲ್ಲಿ ಒಂದೂ ಇಲ್ಲ." ರಿಜಿಸ್ಟರು ತೆರೆದ. "ಶನಿವಾರ ಲಾರಿ ಬರುತ್ತೆ. ಅಲ್ಲಿವರೆಗೂ ಬನ್ನಿ. ಸೋಮವಾರದಿಂದ ಬೇಡ."

ಮೂರನೇ ಗೀಟು. ಯಾವ ಕೈ ಕಂಡಿತೆಂದು ವ್ಯಾಪಾರದಾಕೆ ಎದೆಗೆ ಒತ್ತಿಕೊಂಡಳೋ, ಆ ಕೈಗೇ ಬಾಗಿಲು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಎಂದು ಗಾದೆ ಹೇಳುವುದಿಲ್ಲ.

ಇರುವೆಗೆ ಸಿಡಿಲು ಹೊಡೆದಂತಾಯಿತು. ಬಿಚ್ಚುವುದನ್ನು ನಿಲ್ಲಿಸಿದ್ದು ತಾನು. ಬಿಚ್ಚಿದ್ದರೆ? ಬಿಚ್ಚಿ, ಹಾಳೆಯ ಪ್ರಕಾರ ಮೂರು ಹೊಲಿದಿದ್ದರೆ? ದಾರಿಯುದ್ದಕ್ಕೂ ಅವಳು ದೊಡ್ಡಮ್ಮನಿಗಿಂತ ನಾಲ್ಕು ಹೆಜ್ಜೆ ಮುಂದೆ ಓಡುವಳು, ನೆನಪಾಗಿ ಹಿಂದೆ ಬರುವಳು, ಮತ್ತೆ ಓಡುವಳು. ದೊಡ್ಡಮ್ಮ ತನ್ನ ಹೆಜ್ಜೆಯಲ್ಲೇ ನಡೆದಳು.

ಮನೆಗೆ ಬಂದು ಟೀ ಲೋಟ ಕೈಗೆ ಬಂದ ಮೇಲೆ ದೊಡ್ಡಮ್ಮ ಕೇಳಿದಳು: "ನೀನು ನನ್ನ ಹೊಲಿಗೆ ಎಷ್ಟು ದಿನ ಬಿಚ್ತಿದ್ದೆ?"

ಇರುವೆ ಬಾಗಿಲ ಕಡೆ ನೋಡಿದಳು.

"ಅಲ್ಲೇನು ನೋಡ್ತೀಯ, ಇಲ್ಲಿ ನೋಡು. ನನ್ನ ಕಣ್ಣು ಹೋಗಿದೆ, ಬೆರಳು ಹೋಗಿಲ್ಲ. ಸಾಲು ಮುಟ್ಟಿದ್ರೆ ನಡುನಡುವೆ ನೀನು ಸಿಗ್ತಿದ್ದೆ. ನಿನ್ನ ಹೊಲಿಗೆ ನನಗೆ ಗೊತ್ತಾಗಲ್ವಾ? ಕಲಿಸಿದವಳು ಯಾರು?"

"ನಿನ್ನ ಜಾಗ ಉಳೀಲಿ ಅಂತ ದೊಡ್ಡಮ್ಮ..."

"ಸ್ಕೇಲು ಮೂರು ಸಲ ಬೇಡ ಅಂದ. ನೀನು ದಿನಾ ಬೇಡ ಅಂದೆ."

ಇರುವೆ ಅಳಲಿಲ್ಲ. ಅಳು ಬಂದಿದ್ದರೆ ಸುಲಭವಿತ್ತು. ಎದ್ದಳು, ಪಾತ್ರೆ ಸರಿಸಿದಳು, ಕೂತಳು, ಮತ್ತೆ ಎದ್ದಳು. ಅವನ ಜೇಬಿನ ಸ್ಕೇಲು ಕಣ್ಣಿಗೆ ಕಾಣುತ್ತಿತ್ತು, ತನ್ನೊಳಗಿನದು ಕಂಡಿರಲಿಲ್ಲ. ಏನು ಮಾಡಲೂ ತೋಚದೆ, ಅಟ್ಟದ ಮೇಲಿದ್ದ ತನ್ನ ಟೈಲ್ಸಿನ ಕೌದಿಯನ್ನು ತಂದು ದೊಡ್ಡಮ್ಮನ ಕಾಲ ಮೇಲೆ ಹಾಕಿದಳು. "ನೋಡು. ಇದರಲ್ಲಿ ಏನೂ ಬಿಚ್ಚಿಲ್ಲ ನಾನು. ಹೊಗಳು, ಉಗಿ, ಏನಾದ್ರೂ ಮಾಡು."

ನಡುಗುವ ಬೆರಳುಗಳು ಚೌಕದಿಂದ ಚೌಕಕ್ಕೆ ನಡೆದವು. ಎಸಳು, ಎಸಳು, ಎಸಳು. ಒಂದು ಕಡೆ ನಿಂತವು. ಹಿಂದೆ ಹೋಗಿ ಮತ್ತೆ ಬಂದವು. ದೊಡ್ಡಮ್ಮ ಕಿಸಕ್ಕನೆ ನಕ್ಕಳು.

"ಥೂ ನಿನ್ನ! ಇದು ಇಲ್ಲಿಗೂ ಬಂತಾ?"

"ದೊಡ್ಡಪ್ಪ ಯಾಕೆ ಹಾಗೆ ಕೂರಿಸಿದ್ದು?"

"ಅವನೆಲ್ಲಿ ಕೂರಿಸಿದ? ನಾನು ಕೂರಿಸಿದ್ದು. ಅವನು ನೀರು ಕುಡಿಯೋಕೆ ಹೋಗಿದ್ದ. ಗಾರೆ ಒಣಗ್ತಾ ಇತ್ತು. ತಲೆ ಮೇಲಿನ ಬುಟ್ಟಿ ಇಳಿಸಿ ಒಂದು ಟೈಲು ತಗೊಂಡು ಇಟ್ಟೇಬಿಟ್ಟೆ. ಎಂಥಾ ಖುಷಿ ಅಂತೀಯ! ಅಷ್ಟರಲ್ಲಿ ಮೇಸ್ತ್ರಿ ಬಂದ. ಹೂವು ಕೆಡಿಸಿದೆ ಅಂತ ಕೂಗಾಡಿದ. ಹೂವು ಅಂತ ನನಗೇನು ಗೊತ್ತು? ನಾನು ಹೊತ್ತಿದ್ದು ಸಿಮೆಂಟು. ಹೂವು ಅವರ ನಕ್ಷೇಲಿತ್ತು. ನನಗೆ ಯಾರು ತೋರಿಸಿದ್ರು?"

"ಆಮೇಲೆ?"

"ಕಿತ್ತು ಹಾಕು ಅಂದ. ನಿಮ್ಮ ದೊಡ್ಡಪ್ಪ ಬಂದು ನೋಡಿದ, ತಲೆ ಕೆರ್ಕೊಂಡ. 'ಕೀಳ್ತೀನಿ ಸ್ವಾಮಿ. ಒಂದನ್ನ ಕಿತ್ತರೆ ಸುತ್ತ ಇರೋ ಎಂಟೂ ಒಡೀತವೆ. ಎಂಟಕ್ಕೆ ನೀವು ಹೊಣೆ' ಅಂದ. ಮೇಸ್ತ್ರಿ ಬಾಯಿ ಮುಚ್ಕೊಂಡು ಹೋದ. ಅದಕ್ಕೇ ನಾನು ಅದರ ಮೇಲೇ ಕೂರೋದು." ದೊಡ್ಡಮ್ಮ ಟೀ ಮುಗಿಸಿದಳು. "ನಾಲ್ಕು ದಿನ ಇದೆಯಲ್ಲ, ಕೂತು ಬರ್ತೀನಿ."

ಆ ರಾತ್ರಿ ಇರುವೆಗೆ ನಿದ್ದೆ ಹತ್ತಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಬುಧವಾರ ಬೆಳಿಗ್ಗೆ ಸ್ಕೇಲು ಪೆಟ್ಟಿಗೆ, ಚೀಟಿ ಎಂದು ಶನಿವಾರದವರೆಗೆ ಗೋದಾಮು ಸೇರಿದ್ದೇ ತಡ, ಅವಳು ಹಜಾರದ ನಡುವೆ ನಿಂತಳು.

"ಕೇಳಿ ಇಲ್ಲಿ. ಮುಗಿಸೋಕೆ ಮೂರು ದಿನ ಇದೆ. ದಿನಕ್ಕೆ ಎಂಟು ಗಂಟೆ. ನಾವು ಇಪ್ಪತ್ತೆರಡು ಜನ. ಗಂಟೆಗೊಂದು ಸಲ ಪ್ರತಿಯೊಬ್ಬಳೂ ತನ್ನ ಕೌದಿ ಎಡಗಡೆಯವಳಿಗೆ ಕೊಡಬೇಕು. ಸೂಜಿ ಸಮೇತ. ದಾರಕ್ಕೆ ಗಂಟು ಹಾಕೋ ಹಾಗಿಲ್ಲ, ಮುಗಿದ್ರೆ ಹೊಸ ಎಳೆ ಹೊಸೆದು ಸೇರಿಸಿ. ಒಬ್ಬಳು ಬಿಟ್ಟ ಎಳೆಯಿಂದಲೇ ಮುಂದಿನವಳು ಹೊಲೀಬೇಕು. ಶನಿವಾರದ ಹೊತ್ತಿಗೆ ಎಲ್ಲಾ ಕೌದೀಲೂ ಎಲ್ಲರ ಕೈ ಇರುತ್ತೆ. ದೊಡ್ಡಮ್ಮನ ಕೈ ಕೂಡ."

"ಹಾಳೆಯ ತಪ್ಪು?" ಎಂದು ಯಾರೋ ಕೇಳಿದರು.

"ಹಾಳೆ ಕೇಳಿದ ಹಾಗೆ ಒಂದೂ ಬೇಡ. ಹಾಳೆ ಹೇಳಿ ಹೊಲಿಸಿದ್ದನ್ನ ಬಿಚ್ಚಿಬಿಡಿ. ನಿಮ್ಮ ಕೈ ಏನು ಮಾಡುತ್ತೋ ಅದನ್ನ ಮಾಡಲಿ."

"ನಂಬರು?"

ಇರುವೆ ಕತ್ತರಿ ತೆಗೆದು ತನ್ನ ಕೌದಿಯ ಪಟ್ಟಿಯನ್ನು ಕಚಕ್ಕನೆ ಕತ್ತರಿಸಿದಳು.

ಉದ್ದಕ್ಕ ತನ್ನ ಕೌದಿಯನ್ನು ಹೊಟ್ಟೆಗೆ ಒತ್ತಿಕೊಂಡಳು. "ನಾನು ಕೊಡಲ್ಲ. ನನ್ನ ಮನೇಲಿ ದುಡಿಯೋಳು ನಾನೊಬ್ಬಳೇ. ನಿನ್ನ ದೊಡ್ಡಮ್ಮನಿಗೆ ನೀನಿದ್ದೀಯ. ನನಗೆ ಯಾರಿದ್ದಾರೆ?"

ಅದು ಸುಳ್ಳಲ್ಲ. ಇರುವೆ ತನ್ನ ಕೌದಿಯನ್ನು ಎಡಗಡೆಗೆ ಕೊಟ್ಟಳು, ಅಷ್ಟೇ. ರೇಡಿಯೋ ತನ್ನದನ್ನು ಕೊಟ್ಟಳು. ಒಂದು ಗಂಟೆ ಕಳೆಯಿತು, ಎರಡು. ಕೌದಿಗಳು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಸರಿಯುತ್ತ ಬಂದು ಉದ್ದಕ್ಕನ ಹತ್ತಿರ ನಿಂತವು. ಬಲಗಡೆಯವಳು ಕೊಡುತ್ತಲೇ ಇದ್ದಳು. ಉದ್ದಕ್ಕ ಮುಂದೆ ಕೊಡುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕೌದಿಯ ಗುಡ್ಡೆಯ ಹಿಂದೆ ಅವಳ ಮೂಗು ಮಾತ್ರ ಕಾಣುತ್ತಿತ್ತು. ಎಡಗಡೆಯವಳು ಕೈ ಖಾಲಿ ಮಾಡಿಕೊಂಡು ಕೂತಿದ್ದಳು.

"ಉದ್ದಕ್ಕಾ, ಅಂಗಡಿ ಇಟ್ಟಿದ್ದೀಯಾ?" ಎಂದಳು ರೇಡಿಯೋ. "ಬೆಲೆ ಹೇಳು."

ಉದ್ದಕ್ಕ ನಗಬಾರದೆಂದೇ ಇದ್ದಳು. ಗುಡ್ಡೆಯ ಮೇಲಿನದು ಯಾರದೆಂದು ಬೆರಳಾಡಿಸಿ ನೋಡಿದಳು. ದೊಡ್ಡಮ್ಮ ಆಗತಾನೇ ಹೊಲಿದ ಸಾಲು. ಅದು ಡೊಂಕಾಗಿ ಹೋಗಿ, ಎಲ್ಲೋ ಉಸಿರು ತಗೊಂಡು, ಮತ್ತೆ ನಡೆದಿತ್ತು. "ಇವಳೇ ಅಲ್ವಾ ನನಗೆ ಮೊದಲನೇ ದಿನ ಸೂಜಿ ಪೋಣಿಸಿಕೊಟ್ಟಿದ್ದು," ಎಂದು ತನಗೆ ತಾನೇ ಗೊಣಗಿಕೊಂಡು, ಸೂಜಿ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಗುಡ್ಡೆ ಕರಗಿತು. ಕೌದಿಗಳು ಇರುವೆ ಸಾಲಿನ ಹಾಗೆ ಹಜಾರ ಸುತ್ತಿದವು.

ಶನಿವಾರ ಮೂರು ಗಂಟೆಗೆ ಲಾರಿ ಬಂದು ಬಾಗಿಲಿಗೆ ಹಿಂಭಾಗ ಕೊಟ್ಟು ನಿಂತಿತು. ಸ್ಕೇಲು ಮೊದಲನೇ ಕೌದಿಯ ಮೂಲೆ ಹುಡುಕಿದ. ಎರಡನೇದರದ್ದು. ಮೂರನೇದರದ್ದು.

"ನಂಬರ್ ಎಲ್ಲಿ?"

"ದಾರ ಹಳೇದಿತ್ತು ಅಣ್ಣ, ಬಿದ್ದುಹೋಯ್ತು," ಎಂದಳು ರೇಡಿಯೋ. "ನಮ್ಮದೇ ತಪ್ಪು. ಮೂರರಲ್ಲಿ ಅದೊಂದು ಅಂತ ಬರ್ಕೊಳ್ಳಿ."

"ದೊಡ್ಡಮ್ಮಂದು ಯಾವುದು?"

"ಎಲ್ಲಾದೂ."

ಅವನು ಬಿಡಿಸಿ ನೋಡಿದ. ಹೌದು, ಎಲ್ಲದರಲ್ಲೂ ಹಾವು. ಹಾವಿನ ಆಚೆ ಉದ್ದಕ್ಕನ ಕಟ್ಟುನಿಟ್ಟು, ಈಚೆ ರೇಡಿಯೋಳ ಸಡಿಲ ದಾಪುಗಾಲು, ಮೇಲೆ ಇರುವೆಯ ಅವಸರ. ಸ್ಕೇಲನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅದನ್ನು ಗಾಳಿಯಲ್ಲೇ ಹಿಡಿದು ನಿಂತ. ಅಷ್ಟರಲ್ಲಿ ಯಜಮಾನ ಬಂದ. ವಿಷಯ ತಿಳಿದು ಅವನ ಕತ್ತು ಕೆಂಪಾಯಿತು.

"ಆ ಅಜ್ಜಿ ಹೊಲಿದಿದ್ದನ್ನೆಲ್ಲ ಬಿಚ್ಚಿ ತೆಗೀರಿ. ಈಗಲೇ."

ಇರುವೆ ಎದ್ದು ಒಂದು ಕೌದಿಯನ್ನೂ ಕತ್ತರಿಯನ್ನೂ ಅವನ ಮುಂದೆ ಹಿಡಿದಳು. ಅವಳ ಮೊಣಕಾಲು ಅಲುಗಲಿಲ್ಲ.

"ಬಿಚ್ಚಿ ಸಾರ್. ಎಲ್ಲೂ ಗಂಟಿಲ್ಲ, ಒಂದೇ ದಾರ ಎಲ್ಲರ ಕೈ ದಾಟಿ ಹೋಗಿದೆ. ಅವಳದ್ದು ಎಳೆದರೆ ಆ ಕಡೆಯವಳದೂ ಬರುತ್ತೆ, ಈ ಕಡೆಯವಳದೂ ಬರುತ್ತೆ. ಒಂದನ್ನ ಕಿತ್ತರೆ ಸುತ್ತ ಎಂಟು ಒಡೀತವೆ. ಎಂಟಕ್ಕೆ ನೀವು ಹೊಣೆ."

ಹೊರಗೆ ಲಾರಿಯವನು ಹಾರನ್ ಹೊಡೆದ. ಯಜಮಾನ ಕತ್ತರಿ ನೋಡಿದ, ಕೌದಿ ನೋಡಿದ. ಇಪ್ಪತ್ತೆರಡು ಹೆಂಗಸರು ಸೂಜಿ ಕೆಳಗಿಟ್ಟು ಅವನನ್ನು ನೋಡುತ್ತಿದ್ದರು.

"ಏನು ಬೇಕು ನಿಮಗೆ?"

"ದೊಡ್ಡಮ್ಮನ ಜಾಗ. ಆ ಕಿಟಕಿ ಪಕ್ಕದ್ದು. ಅವಳು ಸಾಕು ಅನ್ನೋವರೆಗೂ."

"ಈ ಸಲ ಹೋಗಲಿ," ಎಂದ ಅವನು. ಅಂಥವರ ಬಾಯಲ್ಲಿ ಸೋಲಿಗೆ ಇರುವ ಹೆಸರೇ ಅದು. "ತುಂಬ್ರೋ ಲಾರಿಗೆ!"

ಎಲ್ಲ ಹೋದ ಮೇಲೆ ಸ್ಕೇಲು ಹಿಂದುಳಿದ. ರಿಜಿಸ್ಟರು ತೆಗೆದು ಮೂರನೇ ಗೀಟಿನ ಮೇಲೆ ಅಡ್ಡ ಗೀಟು ಹಾಕಿದ. ಬಗ್ಗಿದ ತಲೆ ಹಾಗೇ ನಿಂತಿತು. ದೊಡ್ಡಮ್ಮನ ಕಾಲ ಬಳಿಯ ಆ ಟೈಲು ಅವನ ಕಣ್ಣಿಗೆ ಬಿದ್ದಿತ್ತು. "ಇದೇನಿದು, ಉಲ್ಟಾ ಇದೆ?" ಎಂದ. ಆರು ವರ್ಷ ಅದರ ಮೇಲೆ ನಿಂತು ಗೀಟು ಎಳೆದವನು.

"ನಾನು ಅವತ್ತೇ ಹೇಳಲಿಲ್ವೇನಪ್ಪಾ," ಎಂದಳು ದೊಡ್ಡಮ್ಮ.

ಸೋಮವಾರ ಬೆಳಿಗ್ಗೆ ಏಳಕ್ಕೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಅವಳು ಗದರಿದಳು. ಹಜಾರದಲ್ಲಿ ಹೊಸ ಕೌದಿಗಳು ಶುರುವಾದವು, ನಂಬರಿಲ್ಲದೆ. ಹಾಳೆ ಮತ್ತೆ ಬರುವುದಿಲ್ಲವೆಂದು ಯಾರೂ ನಂಬಿರಲಿಲ್ಲ. ಇರುವೆಯ ಮೊಣಕಾಲು ಅಲುಗುತ್ತಲೇ ಇತ್ತು, ಕಣ್ಣು ಬಾಗಿಲ ಕಡೆಗೇ ಇತ್ತು. ಗಂಟೆಯಾಯಿತು. ಅವಳ ತೊಡೆಯ ಕೌದಿ ದೊಡ್ಡಮ್ಮನ ತೊಡೆಗೆ ಹೋಯಿತು. ದೊಡ್ಡಮ್ಮ ಸಾಲಿನ ಮೇಲೆ ಬೆರಳಾಡಿಸಿ ಹುಬ್ಬು ಗಂಟಿಕ್ಕಿದಳು.

"ಯಾವಳೇ ಇದನ್ನ ಹೊಲಿದಿದ್ದು? ಒಂದು ಸಾಲೂ ನೆಟ್ಟಗಿಲ್ಲ. ಬಿಚ್ಚು."

"ಬಿಚ್ಚಲ್ಲ."

"ಯಾಕೆ?"

"ನೆಲ ಡೊಂಕು," ಎಂದಳು ಇರುವೆ.